ಮಂಜು ಮುಚ್ಚಿದ ನದಿ

2014ನೆಯ ಇಸವಿಯ ಬೇಸಿಗೆಯಲ್ಲಿ ಮಗಳ ಮನೆಗೆಂದು ನಾನು ಅಮೆರಿಕೆಯ ಶಿಕಾಗೋ ನಗರಕ್ಕೆ ಹೋಗಿದ್ದೆ. ಹಾಗೆ ಹೋದ ನಮ್ಮ ಕಡೆಯ ಹಿರಿಯರ ದಿನಚರಿ ಎಂಥದೆಂಬುದು ಈ ಪತ್ರಿಕೆ ತಲುಪುವ ಎಷ್ಟೋ ಮನೆಗಳಿಗೆ ಗೊತ್ತಿರುವ ಸಂಗತಿಯೇ. ಬೆಳಗಿನ ಪೂಜೆ ಮುಗಿಯುವ ಹೊತ್ತಿಗೆ ಮಗಳೂ ಅಳಿಯನೂ ಕೆಲಸಕ್ಕೆ ಹೊರಟಿರುತ್ತಾರೆ. ಆಮೇಲೆ ಕಿಟಕಿಯ ಬಳಿ ಕುಳಿತು, ಮನುಷ್ಯರಿಲ್ಲದ ಬೀದಿಯನ್ನು ನೋಡುತ್ತ ಸಾಯಂಕಾಲದ ದಾರಿ ಕಾಯುವುದು. ನನ್ನ ಈ ಅವಸ್ಥೆಯನ್ನು ಕಂಡು ಮರುಗಿದ ಮಗಳು ಒಂದು ಶನಿವಾರ ನನ್ನನ್ನೂ ಮೊಮ್ಮಗನನ್ನೂ ಅಲ್ಲಿನ ಆರ್ಟ್ ಇನ್‌ಸ್ಟಿಟ್ಯೂಟ್ ಎಂಬ ಚಿತ್ರಸಂಗ್ರಹಾಲಯಕ್ಕೆ ಕರೆದೊಯ್ದಳು.

ನಿಜ ಹೇಳುವುದಾದರೆ ನನಗೆ ಅಲ್ಲಿಗೆ ಹೋಗುವ ಉತ್ಸಾಹವಿರಲಿಲ್ಲ. ಪ್ರೌಢಶಾಲೆಯಲ್ಲಿ ಇಪ್ಪತ್ತೆಂಟು ವರ್ಷ ಭೂಗೋಳ ಕಲಿಸಿದವಳು ನಾನು. ನಕಾಶೆ ಬಲ್ಲೆ, ಚಿತ್ರಕಲೆ ಅರಿಯೆ. ಬಾಗಿಲಿನ ಎರಡು ಬದಿಗೆ ಕಂಚಿನ ಸಿಂಹಗಳಿದ್ದ ಆ ಕಟ್ಟಡವನ್ನು ತೋರಿಸಿ, 1893ರಲ್ಲಿ ಸ್ವಾಮಿ ವಿವೇಕಾನಂದರು ಮಾತನಾಡಿದ ಸರ್ವಧರ್ಮ ಸಮ್ಮೇಳನ ನಡೆದದ್ದು ಇಲ್ಲಿಯೇ ಎಂದು ಮಗಳು ಹೇಳಿದಾಗ ಮಾತ್ರ ಬಂದದ್ದು ಸಾರ್ಥಕವೆನಿಸಿತು. ಆ ಸಾರ್ಥಕತೆಯೊಂದಿಗೆ ಹಿಂದಿರುಗಿದ್ದರೂ ನನಗೆ ಬೇಸರವಾಗುತ್ತಿರಲಿಲ್ಲ.

ಮೇಲಿನ ಅಂತಸ್ತಿನ ಒಂದು ಕೋಣೆಯಲ್ಲಿ ಜನ ಗುಂಪಾಗಿ ನಿಂತಿದ್ದರು. ಇಣುಕಿ ನೋಡಿದರೆ, ಬಣವೆಯ ಚಿತ್ರಗಳು! ಒಂದಲ್ಲ, ಎರಡಲ್ಲ. ಅಂಥ ಆರು ಚಿತ್ರಗಳು ಆ ಸಂಗ್ರಹದಲ್ಲಿವೆಯಂತೆ. ಸುಗ್ಗಿ ಮುಗಿದ ಮೇಲೆ ನಮ್ಮ ಹೊಲಗಳಲ್ಲಿ ಕಾಣುವ ಬಣವೆಯನ್ನು ನೋಡಲು ಸಮುದ್ರ ದಾಟಿ ಬರಬೇಕಾಯಿತೇ ಎಂದು ಮನಸ್ಸಿನಲ್ಲಿಯೇ ನಕ್ಕೆ. ಮೊಣಕಾಲು ನೋಯುತ್ತಿದ್ದುದರಿಂದ ಗುಂಪಿನಿಂದ ಸರಿದು, ಒಂದು ಬೆಂಚಿನ ಮೇಲೆ ಕುಳಿತೆ.

ಎದುರಿನ ಗೋಡೆಯ ಮೇಲೆ ಸುಮಾರು ಮೂರಡಿ ಉದ್ದ, ಮೂರಡಿ ಅಗಲದ ಒಂದು ಚಿತ್ರವಿತ್ತು. ಅದರಲ್ಲಿ ಏನಿದೆ ಎಂಬುದೇ ನನಗೆ ತಿಳಿಯಲಿಲ್ಲ. ತೆಳುವಾದ ಬಣ್ಣಗಳು ಒಂದರೊಳಗೊಂದು ಕರಗಿದ್ದವು. ಆ ವರ್ಷದ ಆರಂಭದಲ್ಲಿಯೇ ಊರಿನ ವೈದ್ಯರು ನನ್ನ ಎರಡೂ ಕಣ್ಣುಗಳಿಗೆ ಪೊರೆ ಬರುತ್ತಿದೆಯೆಂದು ಹೇಳಿದ್ದರು. ಇಷ್ಟು ಬೇಗ ಬಲಿಯಿತೇ ಎಂದು ಗಾಬರಿಯಾಗಿ ಕನ್ನಡಕ ತೆಗೆದು, ಸೆರಗಿನಿಂದ ಒರೆಸಿ, ಮತ್ತೆ ಹಾಕಿಕೊಂಡೆ. ಏನೂ ಬದಲಾಗಲಿಲ್ಲ. ಮತ್ತೊಮ್ಮೆ ಒರೆಸಿದೆ. ಇದನ್ನು ನೋಡುತ್ತಿದ್ದ ಮೊಮ್ಮಗ ಚಿತ್ರದ ಪಕ್ಕದ ಫಲಕವನ್ನು ಓದಿ ಬಂದು, "ಅಜ್ಜಿ, ಮಂಜು ಚಿತ್ರದಲ್ಲಿದೆ, ನಿಮ್ಮ ಕನ್ನಡಕದಲ್ಲಿ ಅಲ್ಲ" ಎಂದ.

ಚಿತ್ರದ ಹೆಸರು ‘ಜಿವರ್ನಿಯ ಬಳಿ ಸೇನ್ ನದಿಯ ಕವಲು, ಮಂಜು’. ಬರೆದವನು ಕ್ಲೋದ್ ಮೊನೆ. ವರ್ಷ 1897.

ಸೇನ್ ಎಂದೊಡನೆ ನನ್ನೊಳಗಿನ ಭೂಗೋಳದ ಶಿಕ್ಷಕಿ ಎಚ್ಚೆತ್ತಳು. ಫ್ರಾನ್ಸಿನ ನಕಾಶೆಯಲ್ಲಿ ಈ ನದಿಯನ್ನು ಎಷ್ಟು ಸಲ ನೀಲಿ ಸೀಮೆಸುಣ್ಣದಿಂದ ಎಳೆದಿಲ್ಲ! ದಿಜೋನ್ ಪಟ್ಟಣದ ಸಮೀಪದ ಎತ್ತರದ ನೆಲದಲ್ಲಿ ಹುಟ್ಟಿ, ಪ್ಯಾರಿಸ್ ನಗರವನ್ನು ಹಾದು, 777 ಕಿಲೋಮೀಟರ್ ಹರಿದು, ಲ ಹಾವ್ರ್ ಬಂದರಿನ ಬಳಿ ಇಂಗ್ಲಿಷ್ ಕಡಲ್ಗಾಲುವೆಯನ್ನು ಸೇರುವ ನದಿ ಅದು. ಆ ನದಿ ಬೆಳಗಿನ ಜಾವದಲ್ಲಿ ಹೇಗೆ ಕಾಣುತ್ತದೆಂಬುದನ್ನು ಮಾತ್ರ ನಾನು ಯಾವ ಮಕ್ಕಳಿಗೂ ಹೇಳಿರಲಿಲ್ಲ. ನನಗೂ ಗೊತ್ತಿರಲಿಲ್ಲವಲ್ಲ.

ಕುಳಿತು ನೋಡುತ್ತ ಹೋದಂತೆ ಚಿತ್ರ ತಾನಾಗಿ ಬಿಚ್ಚಿಕೊಂಡಿತು. ಬೂದಿ ಬಣ್ಣದ ಮೋಡವೆಂದುಕೊಂಡದ್ದು ದಡದ ಮರಗಳ ದಟ್ಟ ಎಲೆಗಳಾಯಿತು. ಅದರ ಕೆಳಗಿನ ಮತ್ತೊಂದು ಮೋಡ, ನೀರಿನಲ್ಲಿ ಬಿದ್ದ ಅದೇ ಮರಗಳ ನೆರಳಾಯಿತು. ಆಕಾಶವೆಲ್ಲಿ ಮುಗಿಯಿತು, ನೀರೆಲ್ಲಿ ತೊಡಗಿತು ಎಂಬುದಕ್ಕೆ ಗೆರೆಯೇ ಇಲ್ಲ. ತಲೆಕೆಳಗಾಗಿ ತೂಗುಹಾಕಿದ್ದರೂ ನನ್ನಂಥವರಿಗೆ ಗೊತ್ತಾಗುತ್ತಿರಲಿಲ್ಲವೇನೋ. ದೋಣಿಯಿಲ್ಲ, ಮನುಷ್ಯರಿಲ್ಲ, ಹಕ್ಕಿಯೂ ಇಲ್ಲ. ನೀರು ಹರಿಯುತ್ತಿದೆಯೋ ನಿಂತಿದೆಯೋ ಹೇಳಲಾಗದು. ಮಗಳು ಬಂದು ಕರೆಯುವವರೆಗೆ ಅಲ್ಲಿಯೇ ಇದ್ದೆ. ಮುಕ್ಕಾಲು ಗಂಟೆಯಾಗಿತ್ತೆಂದು ಅವಳು ಹೇಳಿದಳು.

ಅಂದು ಅವಳು ಅಲ್ಲಿನ ಅಂಗಡಿಯಲ್ಲಿ ಮೊನೆಯ ಬಗೆಗಿನ ಒಂದು ದಪ್ಪ ಇಂಗ್ಲಿಷ್ ಪುಸ್ತಕವನ್ನು ಕೊಂಡು ಕೊಟ್ಟಳು. ಮುಂದಿನ ಎರಡು ತಿಂಗಳು ಆ ಕಿಟಕಿಯ ಬಳಿ ನನಗೆ ಹೊತ್ತು ಹೋದದ್ದೇ ತಿಳಿಯಲಿಲ್ಲ. ಭೂತಗನ್ನಡಿ ಹಿಡಿದು ದಿನಕ್ಕೆ ನಾಲ್ಕೈದು ಪುಟ ಓದುತ್ತಿದ್ದೆ.

ಮೊನೆ 1840ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿ, ಇದೇ ಸೇನ್ ನದಿ ಸಮುದ್ರ ಸೇರುವ ಲ ಹಾವ್ರ್‌ನಲ್ಲಿ ಬೆಳೆದವನು. 1874ರಲ್ಲಿ ಅವನೂ ಅವನ ಗೆಳೆಯರೂ ಸೇರಿ ಪ್ಯಾರಿಸ್‌ನಲ್ಲಿ ತಮ್ಮದೇ ಒಂದು ಪ್ರದರ್ಶನವನ್ನು ಏರ್ಪಡಿಸಿದರು. ಅಲ್ಲಿ ಅವನ ಸೂರ್ಯೋದಯದ ಚಿತ್ರವೊಂದರ ಹೆಸರನ್ನು ಹಿಡಿದು ಲೂಯಿ ಲರ್ವಾ ಎಂಬ ವಿಮರ್ಶಕ ಅವರನ್ನೆಲ್ಲ ‘ಇಂಪ್ರೆಷನಿಸ್ಟರು’ ಎಂದು ಗೇಲಿ ಮಾಡಿದ. ಗೇಲಿಯೇ ಹೆಸರಾಗಿ ನಿಂತಿತು. ಇದೆಲ್ಲ ಬಲ್ಲವರು ಬರೆದಿಟ್ಟ ಕಥೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ನದಿಯ ಚಿತ್ರ ಹೇಗೆ ಸಿದ್ಧವಾಯಿತೆಂಬ ವಿವರ.

1883ರಿಂದ ಅವನು ಜಿವರ್ನಿ ಎಂಬ ಹಳ್ಳಿಯಲ್ಲಿ ನೆಲೆಸಿದ್ದ. ಎಪ್ತ್ ಎಂಬ ಸಣ್ಣ ನದಿ ಸೇನ್ ನದಿಯನ್ನು ಕೂಡುವುದು ಅದರ ಸಮೀಪದಲ್ಲಿಯೇ. 1896ರ ಬೇಸಿಗೆಯಲ್ಲಿ ಬೆಳಗಿನ ನದಿಯ ಚಿತ್ರಗಳನ್ನು ಬರೆಯಲು ತೊಡಗಿದ. ಆ ವರ್ಷ ಮಳೆ ಬಿಡಲಿಲ್ಲ, ಕೆಲಸ ಕೆಟ್ಟಿತು. ಮರುವರ್ಷ ಮತ್ತೆ ಹೊರಟ. ಬೆಳಗಿನ ಮೂರೂವರೆಗೆ ಏಳುವುದು, ಕತ್ತಲಲ್ಲಿಯೇ ನಡೆದು ನದಿಗೆ ಹೋಗುವುದು, ಅಲ್ಲಿ ಕಟ್ಟಿದ್ದ ಚಪ್ಪಟೆ ತಳದ ದೋಣಿಯಲ್ಲಿ ಕುಳಿತು ಬೆಳಕಿಗಾಗಿ ಕಾಯುವುದು. 1897ರ ಆಗಸ್ಟ್‌ನಲ್ಲಿ ಅವನ ಜೊತೆಗೆ ಹೋದ ಮೋರಿಸ್ ಗಿಯೆಮೊ ಎಂಬ ಪತ್ರಕರ್ತ ಇದನ್ನೆಲ್ಲ ಕಣ್ಣಾರೆ ಕಂಡು ಬರೆದಿದ್ದಾನೆ. ದೋಣಿಯಲ್ಲಿ ಹದಿನಾಲ್ಕು ಕ್ಯಾನ್ವಾಸುಗಳು. ಒಂದೊಂದೂ ಬೆಳಗಿನ ಒಂದೊಂದು ಗಳಿಗೆಗೆ ಮೀಸಲು. ಮಂಜು ಕವಿದಿರುವಾಗ ಒಂದು, ಅದು ತೆಳುವಾದೊಡನೆ ಎರಡನೆಯದು, ಬಿಸಿಲು ತಾಕಿದೊಡನೆ ಮೂರನೆಯದು. ಬೆಳಕು ಬದಲಾದ ಕೂಡಲೇ ಕೈಯಲ್ಲಿದ್ದುದನ್ನು ಅರ್ಧಕ್ಕೇ ಒಳಗಿಟ್ಟು ಮುಂದಿನದನ್ನು ತೆಗೆದುಕೊಳ್ಳುವುದು. ಮರುದಿನ ಅದೇ ಗಳಿಗೆ ಬಂದಾಗ ಮತ್ತೆ ಮೊದಲನೆಯದು. ಆಕಾಶ ಕೈಕೊಟ್ಟರೆ ಅಂದಿನ ಕೆಲಸವಿಲ್ಲ.

ರಾತ್ರಿ ಗಾಳಿ ತಣ್ಣಗಾದಾಗ, ಅದಕ್ಕಿಂತ ಬೆಚ್ಚಗಿರುವ ನದಿಯ ನೀರಿನಿಂದೇಳುವ ಆವಿ ಸಣ್ಣ ಹನಿಗಳಾಗಿ ನೀರಿನ ಮೇಲೆಯೇ ನಿಲ್ಲುತ್ತದೆ. ಬಿಸಿಲು ಬಂದೊಡನೆ ಕರಗುತ್ತದೆ. ಮಂಜೆಂದರೆ ಅಷ್ಟೇ ಎಂದು ಮಕ್ಕಳಿಗೆ ಕಲಿಸಿದವಳು ನಾನು. ಆ ಅಷ್ಟನ್ನೇ ಹಿಡಿಯಲು ಒಬ್ಬ ಮನುಷ್ಯ ಎರಡು ಬೇಸಿಗೆಗಳ ನಿದ್ದೆ ಬಿಟ್ಟ. ಅವನಿಗಾಗಲೇ ಐವತ್ತಾರು ವರ್ಷ, ಹೆಸರೂ ಹಣವೂ ಎರಡೂ ಇದ್ದವು. 1898ರಲ್ಲಿ ಪ್ಯಾರಿಸ್‌ನ ಜಾರ್ಜ್ ಪೆತಿ ಚಿತ್ರಶಾಲೆಯಲ್ಲಿ ಈ ಬೆಳಗುಗಳೆಲ್ಲ ಪ್ರದರ್ಶನಗೊಂಡವು. ನಾನು ನೋಡಿದ ಚಿತ್ರ ರೈಯರ್ಸನ್ ದಂಪತಿಗಳ ಸಂಗ್ರಹದಿಂದ 1933ರಲ್ಲಿ ಶಿಕಾಗೋದ ಸಂಗ್ರಹಾಲಯಕ್ಕೆ ಬಂದಿತು.

ಊರಿಗೆ ಬಂದ ಮೇಲೆ ಈ ಚಿತ್ರದ ಮಾತು ಬಂದಾಗ ತಿಳಿದವರೊಬ್ಬರು, "ಅವನಿಗೆ ಕಣ್ಣಿನ ಪೊರೆ ಇತ್ತಂತೆ, ಅದಕ್ಕೇ ಎಲ್ಲವೂ ಮಸುಕು" ಎಂದರು. ಪೊರೆ ಬಂದದ್ದು ನಿಜ. ಆದರೆ ವೈದ್ಯರು ಅದನ್ನು ಗುರುತಿಸಿದ್ದು 1912ರಲ್ಲಿ, ಈ ಚಿತ್ರ ಬರೆದ ಹದಿನೈದು ವರ್ಷಗಳ ಮೇಲೆ. ಈ ಮಂಜು ಕಣ್ಣಿನ ದೋಷದಿಂದ ಹುಟ್ಟಿದ್ದಲ್ಲ. ಮಂಜನ್ನು ಮಂಜಾಗಿಯೇ ಕಾಣಲು ಕಣ್ಣು ಬಹಳ ನಿಚ್ಚಳವಾಗಿರಬೇಕು. ನಾನು ಕನ್ನಡಕವನ್ನು ಎರಡು ಸಲ ಒರೆಸಿದ್ದು ನೆನಪಾಗಿ, ಅವರಿಗೆ ಹೆಚ್ಚೇನೂ ಹೇಳದೆ ಸುಮ್ಮನಾದೆ.

ಇಷ್ಟೇ ಆಗಿದ್ದರೆ ಇದು ಪ್ರವಾಸದ ಒಂದು ನೆನಪಾಗುತ್ತಿತ್ತು. ಪುಸ್ತಕದ ನಡುವೆ ಮತ್ತೊಂದು ಚಿತ್ರ, ಮತ್ತೊಂದು ಸಂಗತಿ ಇದ್ದವು.

ಮೊನೆಯ ಮೊದಲ ಹೆಂಡತಿಯ ಹೆಸರು ಕಮೀಲ್. ಸೇನ್ ನದಿಯ ದಡದಲ್ಲಿಯೇ ಇರುವ ವೆತೋಯ್ ಎಂಬ ಹಳ್ಳಿಯಲ್ಲಿ, 1879ರ ಸೆಪ್ಟೆಂಬರ್ 5ರಂದು, ಮೂವತ್ತೆರಡನೆಯ ವಯಸ್ಸಿನಲ್ಲಿ, ದೀರ್ಘಕಾಲ ನರಳಿ ಅವಳು ತೀರಿಕೊಂಡಳು. ಹಿರಿಯ ಮಗನಿಗೆ ಹನ್ನೆರಡು, ಕಿರಿಯವನಿಗೆ ಒಂದೂವರೆ ವರ್ಷ. ಮನೆಯಲ್ಲಿ ಕಡುಬಡತನ. ಅವಳ ಕೊರಳಿನ ಪದಕವೊಂದು ಒತ್ತೆಯ ಅಂಗಡಿಯಲ್ಲಿತ್ತು. ಅದನ್ನು ಬಿಡಿಸಿ ಕಳುಹಿಸಬೇಕು, ಅವಳು ಹೊರಡುವ ಮುನ್ನ ಕೊರಳಿಗೆ ಕಟ್ಟಬೇಕು ಎಂದು ಮೊನೆ ತನ್ನ ಮಿತ್ರನಾದ ಡಾಕ್ಟರ್ ಬೆಲ್ಲಿಯೋಗೆ ಬರೆದು ಬೇಡಿಕೊಂಡ. ಇದನ್ನು ಓದಿದಾಗ ನನ್ನ ಕೈ ತಾನಾಗಿ ಕೊರಳಿಗೆ ಹೋಯಿತು.

ಕಮೀಲಳ ಹಾಸಿಗೆಯ ಬದಿಯಲ್ಲಿ ಅವನು ಅವಳ ಮುಖವನ್ನು ಚಿತ್ರಿಸಿದ. ಆ ಚಿತ್ರ ಈಗ ಪ್ಯಾರಿಸ್‌ನ ಓರ್ಸೆ ಸಂಗ್ರಹಾಲಯದಲ್ಲಿದೆ. ಅದೆಷ್ಟೋ ವರ್ಷಗಳ ಮೇಲೆ, ಫ್ರಾನ್ಸಿನ ಪ್ರಧಾನಿಯಾಗಿದ್ದ ತನ್ನ ಗೆಳೆಯ ಕ್ಲೆಮಾನ್ಸೋ ಎದುರು ಮೊನೆ ಒಂದು ಮಾತನ್ನು ಒಪ್ಪಿಕೊಂಡನಂತೆ. ತನಗೆ ಅತ್ಯಂತ ಪ್ರಿಯಳಾದವಳು ಮರಣಶಯ್ಯೆಯಲ್ಲಿರುವಾಗ, ತನ್ನ ಕಣ್ಣುಗಳು ತನ್ನನ್ನು ಕೇಳದೆಯೇ ಅವಳ ಮುಖದ ಮೇಲೆ ಸಾವು ಬಳಿಯುತ್ತಿದ್ದ ಬಣ್ಣಗಳನ್ನು ಎಣಿಸುತ್ತಿದ್ದವು ಎಂದು. ನೀಲಿ, ಹಳದಿ, ಬೂದು. ಗಾಣಕ್ಕೆ ಕಟ್ಟಿದ ಪಶು ಸುತ್ತುವಂತೆ ತಾನು ಸುತ್ತುತ್ತಿದ್ದೇನೆಂದು ಅವನು ಸಂಕಟಪಟ್ಟನೆಂದು ಕ್ಲೆಮಾನ್ಸೋ ತನ್ನ ಪುಸ್ತಕದಲ್ಲಿ ದಾಖಲಿಸಿದ್ದಾನೆ.

ಆ ಪುಟದ ಮೇಲೆ ಭೂತಗನ್ನಡಿಯನ್ನಿಟ್ಟು ನಾನು ಬಹಳ ಹೊತ್ತು ಕುಳಿತೆ.

ನಮ್ಮ ಯಜಮಾನರು ಲಿಂಗೈಕ್ಯರಾದದ್ದು 2009ರ ನವೆಂಬರಿನಲ್ಲಿ. ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದರು. ಕೊನೆಯ ದಿನ ಬೆಳಗಿನ ಜಾವ, ರಾತ್ರಿಯೆಲ್ಲ ಎಚ್ಚರವಿದ್ದ ಮಗನನ್ನು ಚಹಾ ಕುಡಿದು ಬಾ ಎಂದು ನಾನೇ ಕಳುಹಿಸಿದೆ. ಕೋಣೆಯಲ್ಲಿ ನಾವಿಬ್ಬರೇ. ಅವರ ಉಸಿರು ಬಿಟ್ಟು ಬಿಟ್ಟು ಬರುತ್ತಿತ್ತು. ಮೂಡಣದ ಕಿಟಕಿಯಿಂದ ಬೆಳಕು ಮೆಲ್ಲಗೆ ಒಳಗೆ ಬಂದಿತು. ಮೊದಲು ಹೊದಿಕೆಯ ಅಂಚು ಬೆಳಗಿತು, ಅನಂತರ ಅವರ ಕೈ, ಅನಂತರ ಮೇಜಿನ ಮೇಲೆ ಮನೆಯಿಂದ ತಂದಿಟ್ಟಿದ್ದ ನೀರಿನ ತಂಬಿಗೆ. ಆ ತಂಬಿಗೆಯ ಹೊಟ್ಟೆಯ ಮೇಲೆ ಕಿಟಕಿ, ಅದರಾಚೆಯ ಬೇವಿನ ಮರ, ಆಕಾಶ ಎಲ್ಲವೂ ಪುಟ್ಟದಾಗಿ ಮೂಡಿದ್ದವು. ಎಷ್ಟು ಚೆನ್ನಾಗಿದೆ ಎಂದುಕೊಂಡೆ. ಹೌದು, ಹಾಗೆಯೇ ಅಂದುಕೊಂಡೆ. ಅದನ್ನೇ ನೋಡುತ್ತ ಎಷ್ಟು ಹೊತ್ತು ಕಳೆದೆನೋ. ದಾದಿ ಬಂದು ಅವರ ಮಣಿಕಟ್ಟು ಹಿಡಿದು ನನ್ನತ್ತ ತಿರುಗಿದಾಗಲೇ ಎಚ್ಚರವಾದದ್ದು. ನಾಲ್ವತ್ತೊಂದು ವರ್ಷ ಜೊತೆಗೆ ಬಾಳಿದವರು ಕೊನೆಯ ಉಸಿರು ಬಿಟ್ಟಾಗ ನಾನು ತಂಬಿಗೆಯನ್ನು ನೋಡುತ್ತಿದ್ದೆ.

ಬಂದವರೆಲ್ಲರ ಪ್ರಶ್ನೆ ಒಂದೇ. ಕೊನೆಗಾಲದಲ್ಲಿ ಏನಂದರು? ‘ಶಿವಶಿವಾ’ ಎಂದರು ಎಂದು ನಾನು ಹೇಳಿದೆ. ಕೇಳಿದವರೆಲ್ಲ ಕೈ ಮುಗಿದರು. ಶಿಕಾಗೋದಿಂದ ಹೊರಟ ಮಗಳು ಮನೆ ಮುಟ್ಟುವಷ್ಟರಲ್ಲಿ ಕ್ರಿಯಾಸಮಾಧಿ ಮುಗಿದು ಎರಡು ದಿನವಾಗಿತ್ತು. ಅವಳಿಗೂ ಅದನ್ನೇ ಹೇಳಿದೆ. ತಂದೆಯ ಮುಖ ಕಾಣಲಿಲ್ಲವೆಂದು ಹಂಬಲಿಸುತ್ತಿದ್ದ ಹುಡುಗಿ ಆ ಒಂದು ಮಾತನ್ನು ಎದೆಗಪ್ಪಿಕೊಂಡಳು. ತನ್ನ ಮನೆಯಲ್ಲಿ ಅವರ ಭಾವಚಿತ್ರದ ಕೆಳಗೆ ಆ ಮಾತನ್ನು ಬರೆಸಿ ಹಾಕಿದ್ದಳು. ನಾನು ಹೇಳಿದ್ದು ಸುಳ್ಳು. ಅವರು ಏನೂ ಅನ್ನಲಿಲ್ಲ, ಅಂದಿದ್ದರೂ ಕೇಳಲು ನಾನು ಅಲ್ಲಿರಲಿಲ್ಲ. ನಮ್ಮ ಬಂಧುಗಳು ಈ ಪತ್ರಿಕೆಯನ್ನು ಓದುತ್ತಾರೆ, ಕ್ಷಮಿಸಬೇಕು.

ಪರದೇಶದ ಒಬ್ಬ ಚಿತ್ರಕಾರ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಹೀಗೆಯೇ ಸಿಕ್ಕಿಬಿದ್ದಿದ್ದ ಎಂದು ತಿಳಿದರೆ ನನ್ನ ತಪ್ಪು ತೊಳೆದುಹೋಗುವುದಿಲ್ಲ, ನಿಜ. ಅವನು ಕಲಾವಿದ, ನೋಡುವುದೇ ಅವನ ಕಾಯಕ. ನಾನು ಅಡುಗೆಮನೆಯ ಹೆಂಗಸು, ಪಾಠದ ಹೆಂಗಸು. ಆದರೂ ಐದು ವರ್ಷ ಯಾರೊಂದಿಗೂ ಆಡಲಾಗದ ಮಾತನ್ನು ಮತ್ತೊಬ್ಬರು ಆಡಿದ್ದನ್ನು ಮೊದಲ ಬಾರಿಗೆ ಕಂಡಿದ್ದೆ. ಅವನು ನೋಡಿದ್ದು ಪ್ರೀತಿಯಿಲ್ಲದೆ ಅಲ್ಲ ಎಂಬುದು ಆ ಪದಕದ ಪತ್ರದಿಂದ ನನಗೆ ಗೊತ್ತಾಗಿತ್ತು.

ಹಿಂದಿರುಗುವ ಮುನ್ನ ಇನ್ನೊಮ್ಮೆ ಅಲ್ಲಿಗೆ ಕರೆದುಕೊಂಡು ಹೋಗೆಂದು ನಾನೇ ಕೇಳಿದೆ. ಆಗ ಗಮನಕ್ಕೆ ಬಂದದ್ದು ಅದೇ ಸಂಗ್ರಹಾಲಯದಲ್ಲಿದ್ದ ಮೊನೆಯ ಇನ್ನೊಂದು ಚಿತ್ರ. 1868ರದು, ‘ಬೆನ್ಕೂರ್‌ನಲ್ಲಿ ಸೇನ್ ನದಿಯ ದಡ’. ಬೆನ್ಕೂರ್ ಎಂಬುದು ಜಿವರ್ನಿಯಿಂದ ಕೆಲವೇ ಮೈಲಿಗಳ ದೂರದ ಹಳ್ಳಿ. ಅದೇ ನದಿ, ಸ್ವಚ್ಛ ಹಗಲು, ಎದುರು ದಡದ ಮನೆಗಳು ನೀರಿನಲ್ಲಿ ಸ್ಪಷ್ಟವಾಗಿ ಮೂಡಿವೆ. ಈ ಬದಿಯ ಮರದ ನೆರಳಿನಲ್ಲಿ ಒಬ್ಬ ಹೆಣ್ಣುಮಗಳು ಹುಲ್ಲಿನ ಮೇಲೆ ಕುಳಿತು ನದಿಯನ್ನು ನೋಡುತ್ತಿದ್ದಾಳೆ. ಅವಳೇ ಕಮೀಲ್, ಇಪ್ಪತ್ತೊಂದರ ಪ್ರಾಯದವಳು. ಇದಾದ ಇಪ್ಪತ್ತೊಂಬತ್ತು ವರ್ಷಗಳ ಮೇಲೆ ಬರೆದ ಮಂಜಿನ ನದಿಯಲ್ಲಿ ದಡದ ಮೇಲೆ ಯಾರೂ ಇಲ್ಲ. ಅವಳಿಗಾಗಿಯೇ ಆ ಜಾಗವನ್ನು ಬಿಟ್ಟನೆಂದು ನಾನು ಹೇಳುವುದಿಲ್ಲ. ಹಾಗೆ ಹೇಳಿದರೆ ಮತ್ತೊಂದು ‘ಶಿವಶಿವಾ’ ಹುಟ್ಟಿಸಿದಂತಾದೀತು. ಎರಡನ್ನೂ ನೋಡಿದೆ, ಅಷ್ಟೇ.

2017ರಲ್ಲಿ ನನ್ನ ಕಣ್ಣುಗಳ ಶಸ್ತ್ರಚಿಕಿತ್ಸೆಯಾಯಿತು. ಮೊನೆ ಅಂಜಿ ಅಂಜಿ ಹತ್ತು ವರ್ಷ ಮುಂದೂಡಿ 1923ರಲ್ಲಿ ಬಲಗಣ್ಣಿನ ಚಿಕಿತ್ಸೆ ಮಾಡಿಸಿಕೊಂಡ. ಅಂದಿನ ಚಿಕಿತ್ಸೆಯೆಂದರೆ ದಿನಗಟ್ಟಲೆ ಅಲುಗಾಡದೆ ಮಲಗುವ ಶಿಕ್ಷೆ. ನನಗೆ ಕೃತಕ ಮಸೂರ ಕೂರಿಸಿ ಅದೇ ದಿನ ಮನೆಗೆ ಕಳುಹಿಸಿದರು. ಪಟ್ಟಿ ಬಿಚ್ಚಿದ ದಿನ ಗೋಡೆಯ ಸುಣ್ಣಕ್ಕೆ ಯಾರೋ ನೀಲಿ ಕಲಸಿದಂತೆ ಕಂಡಿತು. ಪೊರೆ ಬಂದ ಕಣ್ಣಿನ ಮಸೂರ ಹಳದಿಗಟ್ಟಿ ನೀಲಿಯನ್ನು ತಡೆದಿರುತ್ತದೆ, ಅದು ಹೋದೊಡನೆ ನೀಲಿ ನುಗ್ಗಿ ಬರುತ್ತದೆ ಎಂದು ವೈದ್ಯರು ವಿವರಿಸಿದರು. ಮೊನೆಯೂ ಎಲ್ಲವೂ ನೀಲಿಯಾಗಿ ಕಾಣುತ್ತದೆಂದು ದೂರಿ, ಬಣ್ಣದ ಗಾಜಿನ ಕನ್ನಡಕ ಧರಿಸಿದವನೇ.

ಮತ್ತೆ ಶಿಕಾಗೋಗೆ ಹೋಗಲು 2023 ಬರಬೇಕಾಯಿತು. ಮೊಮ್ಮಗ ಆಗಲೇ ಕಾಲೇಜಿಗೆಂದು ಬೇರೆ ಊರು ಸೇರಿದ್ದ. ಮಗಳೂ ನಾನೂ ಇಬ್ಬರೇ ಹೋದೆವು. ಅದೇ ಚಿತ್ರದ ಎದುರು ಕುಳಿತೆವು. ಮಂಜು ಹಾಗೆಯೇ ಇತ್ತು. ಕಣ್ಣು ತಿಳಿಯಾದರೂ ಅದು ಒಂದಿಷ್ಟೂ ಚದುರಿರಲಿಲ್ಲ. ಆದರೆ ಒಂಬತ್ತು ವರ್ಷಗಳ ಹಿಂದೆ ನಾನು ಬೂದಿ ಎಂದುಕೊಂಡ ಕಡೆಯೆಲ್ಲ ತೆಳು ನೀಲಿ, ನೇರಳೆ, ಎಳೆ ಹಸಿರು ತುಂಬಿತ್ತು. ಆಗ ನಾನು ಈ ಚಿತ್ರವನ್ನು ಅರ್ಧವೇ ನೋಡಿದ್ದೆ.

ಆ ಬೆಂಚಿನ ಮೇಲೆ ಕುಳಿತು ಮಗಳಿಗೆ ಎಲ್ಲವನ್ನೂ ಹೇಳಿದೆ. ಕಿಟಕಿ, ಬೆಳಕು, ತಂಬಿಗೆ, ಮತ್ತು ನಾನು ಹುಟ್ಟಿಸಿದ ಆ ಮಾತು. ಅವಳು ಚಿತ್ರದಿಂದ ಕಣ್ಣು ಕೀಳದೆ ಕೇಳಿದಳು. ನಮ್ಮೆದುರು ಜನ ಬಂದರು, ಫೋಟೋ ತೆಗೆದುಕೊಂಡರು, ಹೋದರು. ಅವಳು ಕರವಸ್ತ್ರ ತೆಗೆದದ್ದನ್ನು ಕಂಡೂ ಕಾಣದಂತೆ ಇದ್ದೆ.

ಬಹಳ ಹೊತ್ತಾದ ಮೇಲೆ, "ಆ ತಂಬಿಗೆ ಈಗ ಎಲ್ಲಿದೆ?" ಎಂದು ಕೇಳಿದಳು.

"ಅಡುಗೆಮನೆಯಲ್ಲಿ. ಕುಡಿಯುವ ನೀರಿಗೆ ಇಟ್ಟುಕೊಂಡಿದ್ದೇನೆ. ಬುಡ ಸ್ವಲ್ಪ ನೆಗ್ಗಿದೆ."

"ಮುಂದಿನ ಸಲ ಬರುವಾಗ ತಾ," ಎಂದಳು.